ಕೆಂಗಲ್ ಹನುಮಂತಯ್ಯನವರೂ ವಿಧಾನಸೌಧವೂ

ತುಂಗಭದ್ರೆಯ ಈಚೆಗಿನ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ತಾಲೂಕುಗಳ ಕನ್ನಡಿಗರು ೧೯೫೬ರ ವರೆಗೆ ತಮ್ಮ ಅಹವಾಲುಗಳನ್ನು ಹೊತ್ತು ಮುಂಬಯಿಯ ಕಡೆಗೆ ಮುಖ ಮಾಡಬೇಕಾಗಿದ್ದಿತು. ಹೊಳೆ ದಾಟಿದರೆ ಹರಿಹರ, ಅದು ಮೈಸೂರಿನದು. ಆ ವರ್ಷದ ನವೆಂಬರ ೧ರಂದು ಎರಡು ದಂಡೆಗಳೂ ಒಂದೇ ರಾಜ್ಯಕ್ಕೆ ಸೇರಿದಾಗ ಬೆಂಗಳೂರಿನಲ್ಲಿ ಭವ್ಯವಾದೊಂದು ಆಡಳಿತ ಮಂದಿರವು ಸಿದ್ಧವಾಗಿ ನಿಂತಿದ್ದಿತು. ಅದನ್ನು ಕಟ್ಟಿಸಿದ ಕೆಂಗಲ್ ಹನುಮಂತಯ್ಯನವರು ಮಾತ್ರ ಅಷ್ಟರೊಳಗೆ ಅಧಿಕಾರದಿಂದ ಇಳಿದಿದ್ದರು. ಈ ಸಂಗತಿಯನ್ನು ನಮ್ಮ ವಾಚಕರು ಮರೆಯಬಾರದೆಂದು ನಾವು ಬಯಸುತ್ತೇವೆ.

ಹನುಮಂತಯ್ಯನವರು ೧೯೦೮ರಲ್ಲಿ ರಾಮನಗರದ ಬಳಿಯ ಲಕ್ಕಪ್ಪನಹಳ್ಳಿಯಲ್ಲಿ ಜನಿಸಿದರು. ವಕೀಲರಾಗಿ, ಸ್ವಾತಂತ್ರ್ಯ ಸಂಗ್ರಾಮದಲ್ಲಿ ಸೆರೆವಾಸ ಕಂಡು, ಸಂವಿಧಾನ ಸಭೆಯ ಸದಸ್ಯರಾಗಿ, ೧೯೫೨ರಲ್ಲಿ ಮೈಸೂರಿನ ಮುಖ್ಯಮಂತ್ರಿಯಾದರು. ವಿಧಾನಸೌಧಕ್ಕೆ ೧೯೫೧ರ ಜುಲೈ ೧೩ರಂದೇ ಪಂಡಿತ ನೆಹರೂ ಅವರಿಂದ ಅಡಿಗಲ್ಲು ಬಿದ್ದಿತ್ತು. ಆದರೆ ಆಗಿನ ನಕಾಶೆಯು ಸಾದಾ ಕಚೇರಿಯದು. ಅದನ್ನು ಬದಿಗಿರಿಸಿ, ಎಂಜಿನಿಯರ ಬಿ. ಆರ್. ಮಾಣಿಕ್ಕಂ ಅವರ ಕೈಯಿಂದ ದ್ರಾವಿಡ ಶೈಲಿಯ ಹೊಸ ರೂಪವನ್ನು ಅವರು ಬರೆಯಿಸಿದರು.

ಅದೇ ೧೯೫೨ರಲ್ಲಿ ನ್ಯೂಯಾರ್ಕಿನಲ್ಲಿ ಲೀವರ ಕಂಪನಿಯ ಗಾಜು ಉಕ್ಕುಗಳ ಗಗನಚುಂಬಿ ಕಚೇರಿಯು ಪೂರ್ಣಗೊಂಡಿತು. ಮುಂದೆ ದೇಶದೇಶಗಳ ಕಚೇರಿಗಳು ಆ ಮಾದರಿಯನ್ನೇ ಹಿಡಿದವು. ಇಲ್ಲಿಯಾದರೋ ನೆಲದ ಬೂದುಬಣ್ಣದ ಗ್ರಾನೈಟ್ ಕಲ್ಲೇ ಆಯ್ಕೆಯಾಯಿತು. ೭೦೦ ಅಡಿ ಉದ್ದ, ೩೫೦ ಅಡಿ ಅಗಲ. ಮೂಡಣ ಮುಖಮಂಟಪಕ್ಕೆ ೪೦ ಅಡಿ ಎತ್ತರದ ೧೨ ಕಂಬಗಳು. ನೆತ್ತಿಯ ಮೇಲೆ ೬೦ ಅಡಿ ವ್ಯಾಸದ ಗುಮ್ಮಟ. ಕಲ್ಲುಕುಟಿಗರೊಡನೆ ಸಾವಿರಾರು ಕೂಲಿಕಾರರೂ ಸೆರೆಮನೆಯ ಕೈದಿಗಳೂ ದುಡಿದರು. ಹಾವೇರಿಯ ಸಿದ್ಧೇಶ್ವರ ಗುಡಿಯನ್ನೂ ರಾಣೆಬೆನ್ನೂರು ತಾಲೂಕಿನ ಚೌಡದಾನಪುರದ ಮುಕ್ತೇಶ್ವರ ಗುಡಿಯನ್ನೂ ಕಂಡ ಕಣ್ಣಿಗೆ ಆ ಕೆತ್ತನೆ ಪರಕೀಯವೆನಿಸಲಾರದು.

ವೆಚ್ಚವು ಒಂದೂಮುಕ್ಕಾಲು ಕೋಟಿ ರೂಪಾಯಿಯಷ್ಟಾಯಿತು. ಬಡರಾಜ್ಯಕ್ಕೆ ಇಷ್ಟು ವೈಭವವೇಕೆಂಬ ಆಕ್ಷೇಪವನ್ನು ನಾವು ಹಗುರವಾಗಿ ತಳ್ಳಿಹಾಕಲಾರೆವು. ಆದರೆ ಹಳೆಯ ಮೈಸೂರಿಗೆ ಅತಿಯಾಗಿ ತೋರಿದ ಮನೆಯು ಏಕೀಕೃತ ನಾಡಿಗೆ ತಕ್ಕುದಾಯಿತು. ಅಲ್ಲಿಯ ಅನೇಕ ಮುಖಂಡರು ಏಕೀಕರಣವನ್ನು ವಿರೋಧಿಸುತ್ತಿದ್ದಾಗ, ಸ್ವಪಕ್ಷೀಯರ ಅಸಮಾಧಾನವನ್ನೂ ಲೆಕ್ಕಿಸದೆ ಹನುಮಂತಯ್ಯನವರು ಅದನ್ನು ಎತ್ತಿಹಿಡಿದರು. ೧೯೫೬ರ ಆಗಸ್ಟಿನಲ್ಲಿ ಪಕ್ಷದೊಳಗಿನ ವಿರೋಧದಿಂದ ಅವರು ಪದತ್ಯಾಗ ಮಾಡಬೇಕಾಯಿತು. ವಿಶಾಲ ರಾಜ್ಯದ ಮೊದಲ ಮುಖ್ಯಮಂತ್ರಿತ್ವವು ನಿಜಲಿಂಗಪ್ಪನವರಿಗೆ ಸಂದಿತು. ಮುಂದೆ ಕೇಂದ್ರದ ಆಡಳಿತ ಸುಧಾರಣಾ ಆಯೋಗದ ಅಧ್ಯಕ್ಷರೂ ರೈಲ್ವೆ ಮಂತ್ರಿಗಳೂ ಆಗಿ, ೧೯೮೦ರ ಡಿಸೆಂಬರ ೧ರಂದು ಅವರು ಕೀರ್ತಿಶೇಷರಾದರು.

ಸರಕಾರದ ಕಾರ್ಯವನ್ನು ದೈವಕಾರ್ಯವೆಂದು ಬಗೆಯಬೇಕೆಂಬ ಬೋಧೆಯು ಸೌಧದ ಹಣೆಯ ಮೇಲಿದೆ. ಬ್ಯಾಡಗಿಯ ಮೆಣಸಿನಕಾಯಿ ಬೆಳೆಗಾರನ ಅರ್ಜಿಯು ಅಲ್ಲಿ ವಿಳಂಬವಿಲ್ಲದೆ ಇತ್ಯರ್ಥವಾದರೆ ಮಾತ್ರ ಆ ಹಣವು ಸಾರ್ಥಕವಾದಂತೆ. ಕಟ್ಟುವ ಹೊಣೆಯನ್ನು ಹನುಮಂತಯ್ಯನವರು ತೀರಿಸಿ ಹೋದರು. ಉಳಿದ ಹೊಣೆ ಅದರೊಳಗೆ ಕುಳಿತವರದು. ಅದನ್ನು ಕೇಳುವ ಹಕ್ಕು ಹೊಳೆಯ ಎರಡೂ ದಂಡೆಯವರದು.