ಕ್ರಿಸ್ಟಿಯಾನ್ ಡಾಪ್ಲರ್

ಮೇಲ್ಗಾಳಿಯ ವೇಗವನ್ನು ನೆಲದಿಂದಲೇ ಅಳೆಯುವ ಹವಾಮಾನ ರಾಡಾರು ಕ್ರಿಸ್ಟಿಯಾನ್ ಡಾಪ್ಲರನ ಹೆಸರನ್ನು ಹೊತ್ತಿದೆ. ಆದರೆ ಆತನ ದೃಷ್ಟಿ ನೆಟ್ಟಿದ್ದುದು ಗಾಳಿಯಲ್ಲಲ್ಲ, ನಕ್ಷತ್ರಗಳಲ್ಲಿ.

ಇಂದು ಆಸ್ಟ್ರಿಯಾದಲ್ಲಿರುವ ಸಾಲ್ಜ್‌ಬರ್ಗ್ ನಗರದ ಕಲ್ಲುಕುಟಿಗರ ಮನೆತನದಲ್ಲಿ 1803ರಲ್ಲಿ ಜನಿಸಿದ ಡಾಪ್ಲರನು, ದುರ್ಬಲ ಶರೀರದ ನಿಮಿತ್ತ ಕುಲವೃತ್ತಿಯನ್ನು ಬಿಟ್ಟು ಗಣಿತಾಭ್ಯಾಸದಲ್ಲಿ ತೊಡಗಿದನು. ಉದ್ಯೋಗ ದೊರೆಯದೆ ಅಮೆರಿಕೆಗೆ ವಲಸೆ ಹೊರಟಿದ್ದಾಗ, 1835ರಲ್ಲಿ ಪ್ರಾಗ್ ನಗರದಲ್ಲಿ ಅಧ್ಯಾಪಕ ಹುದ್ದೆ ಲಭಿಸಿತು.

ಅಲ್ಲಿಯೇ 1842ರಲ್ಲಿ ಆತನು ತನ್ನ ತತ್ತ್ವವನ್ನು ಮಂಡಿಸಿದನು: ಅಲೆಗಳ ಮೂಲವು ಸಮೀಪಿಸುತ್ತಿದ್ದರೆ ನಮ್ಮನ್ನು ತಲಪುವ ಅಲೆಗಳ ಆವರ್ತಾಂಕ ಏರುತ್ತದೆ, ದೂರ ಸರಿಯುತ್ತಿದ್ದರೆ ಇಳಿಯುತ್ತದೆ. ಜೋಡಿ ನಕ್ಷತ್ರಗಳ ಬಣ್ಣಕ್ಕೆ ಇದೇ ಕಾರಣವೆಂಬ ಆತನ ಊಹೆ ತಪ್ಪಾಗಿತ್ತು, ತತ್ತ್ವ ಸರಿಯಾಗಿತ್ತು. 1845ರಲ್ಲಿ ಡಚ್ ವಿಜ್ಞಾನಿ ಬೈಸ್ ಬಾಲೋಟನು ಓಡುವ ರೈಲಿನಲ್ಲಿ ಕಹಳೆ ಊದಿಸಿ ಧ್ವನಿಯ ಮಟ್ಟಿಗೆ ಅದನ್ನು ಸ್ಥಿರಪಡಿಸಿದನು. ಆದರೂ 1852ರಲ್ಲಿ ವಿಯೆನ್ನಾದ ಗಣಿತಜ್ಞ ಪೆಟ್ಸ್‌ವಾಲನು ತತ್ತ್ವವನ್ನೇ ಅಲ್ಲಗಳೆದನು. ವಿವಾದ ತೀರುವ ಮುನ್ನವೇ, 1853ರಲ್ಲಿ, ರೋಗಜರ್ಜರಿತನಾದ ಡಾಪ್ಲರನು ತನ್ನ 49ನೆಯ ವಯಸ್ಸಿನಲ್ಲಿ ವೆನಿಸಿನಲ್ಲಿ ನಿಧನನಾದನು.

ಆತನನ್ನು ಎತ್ತಿಹಿಡಿದುದು ಕಾಲ. ರಾಡಾರಿನ ಅಲೆಯು ಮಳೆಹನಿಗೆ ತಾಗಿ ಮರಳುವಾಗ ಆವರ್ತಾಂಕದಲ್ಲಾಗುವ ಅತ್ಯಲ್ಪ ವ್ಯತ್ಯಾಸವು, ಹನಿಯು ಎಷ್ಟು ವೇಗದಲ್ಲಿ ಹತ್ತಿರ ಬರುತ್ತಿದೆ ಅಥವಾ ದೂರ ಸರಿಯುತ್ತಿದೆ ಎಂಬುದನ್ನು ತಿಳಿಸುತ್ತದೆ. ಹನಿಗಳನ್ನು ಒಯ್ಯುವುದು ಗಾಳಿ. ಒಂದು ದಿಕ್ಕಿನ ನೋಟ ಸಾಲದು. ಆಂಟೆನಾವನ್ನು ಓರೆಯಾಗಿ ಎತ್ತಿ ಸುತ್ತಲೂ ತಿರುಗಿಸಿದರೆ ಬೇರೆ ಬೇರೆ ಎತ್ತರಗಳ ಗಾಳಿಯ ದಿಕ್ಕು, ವೇಗಗಳೆರಡೂ ದೊರೆಯುತ್ತವೆ. ಭಾರತದ ಹವಾಮಾನ ಇಲಾಖೆಯ ಮೊದಲ ಡಾಪ್ಲರ್ ರಾಡಾರು 2002ರಲ್ಲಿ ಚೆನ್ನೈಯಲ್ಲಿ ನೆಲೆಗೊಂಡಿತು. ನಕ್ಷತ್ರಗಳಿಗಾಗಿ ರೂಪುಗೊಂಡ ತತ್ತ್ವವು ಬಂಗಾಳ ಕೊಲ್ಲಿಯ ಚಂಡಮಾರುತಗಳನ್ನು ಕುರಿತು ಕರಾವಳಿಯ ಜನರನ್ನು ಎಚ್ಚರಿಸಲು ನೆರವಾಯಿತು.