ಜಿಮಿ ಹೆಂಡ್ರಿಕ್ಸ್

ಕಳೆದ ಸ್ನೇಹ ಸಮ್ಮೇಳನದಲ್ಲಿ ನನ್ನ ಗಿಟಾರು ಬರಿಯ ಕೀರಲು ದನಿ ಹೊರಡಿಸಿ ಸಭಿಕರ ನಗೆಗೆ ಗುರಿಯಾಯಿತು. ಕೂಡಿಟ್ಟ ಹಣದಿಂದ ಕೊಂಡ, ಕಾಲಿನಿಂದ ಒತ್ತುವ ಫಜ್ ಪೆಡಲನ್ನು ಮಾರಿಬಿಡಬೇಕೆಂದು ದಾಂಡೇಲಿಯಿಂದ ಹಳಿಯಾಳಕ್ಕೆ ಮರಳುವಾಗ ಬಸ್ಸಿನಲ್ಲಿಯೇ ನಿಶ್ಚಯಿಸಿದೆ. ನನ್ನನ್ನು ತಡೆದುದು ಜಿಮಿ ಹೆಂಡ್ರಿಕ್ಸನ ಜೀವನಚರಿತ್ರೆ.

ಈತನು 1942ರ ನವೆಂಬರ್ 27ರಂದು ಅಮೇರಿಕೆಯ ಸಿಯಾಟಲ್ ನಗರದ ಬಡಕುಟುಂಬದಲ್ಲಿ ಜನಿಸಿದನು. ನಮ್ಮ ಹಳಿಯಾಳ, ಮುಂಡಗೋಡದ ಸಿದ್ದಿ ಬಂಧುಗಳಂತೆ ಇವನ ಪೂರ್ವಜರೂ ಆಫ್ರಿಕೆಯ ಮೂಲದವರು. ಬಾಲ್ಯದಲ್ಲಿ ಕಸಬರಿಗೆಯೇ ಇವನ ಗಿಟಾರು. ಎಡಚನಾದುದರಿಂದ ಬಲಗೈಯವರ ಗಿಟಾರನ್ನು ತಿರುವಿ ಹಿಡಿದು ನುಡಿಸಿದನು. ಕೆಲಕಾಲ ಸೈನ್ಯದಲ್ಲಿದ್ದು, ಬಳಿಕ ಪರರ ಮೇಳಗಳಲ್ಲಿ ಹಿಂದೆ ನಿಂತು ಹೊಟ್ಟೆ ಹೊರೆದನು.

1966ರಲ್ಲಿ ಲಂಡನ್ನಿಗೆ ಹೋದ ಮೇಲೆ ಇವನಿಗೆ ತಕ್ಕ ಜೋಡಿ ಲಭಿಸಿತು: ಮಾರ್ಷಲ್ಲರ 100 ವಾಟಿನ ವಾಲ್ವ್ ಆಂಪ್ಲಿಫಾಯರು ಮತ್ತು ಫಜ್ ಫೇಸ್ ಎಂಬ ದುಂಡು ಪೆಡಲು. ಆಂಪ್ಲಿಫಾಯರನ್ನು ದನಿ ಒಡೆಯುವ ಅಂಚಿನವರೆಗೆ ಏರಿಸಿ, ಪೆಡಲಿನಿಂದ ಅದನ್ನು ಇನ್ನಷ್ಟು ನೂಕುವನು. ಆಗ ವಾಲ್ವುಗಳು ಸ್ವರದ ಮೊನೆಗಳನ್ನು ಮೃದುಗೊಳಿಸುವುವು. ಗಿಟಾರಿನ ಗುಂಡಿ ತಗ್ಗಿಸಿದರೆ ತಿಳಿಸ್ವರ, ಏರಿಸಿದರೆ ಗರ್ಜನೆ! 1969ರಲ್ಲಿ ವುಡ್‌ಸ್ಟಾಕ್ ಉತ್ಸವದಲ್ಲಿ ತನ್ನ ರಾಷ್ಟ್ರಗೀತೆಯನ್ನು ಗಿಟಾರಿನಲ್ಲಿ ನುಡಿಸಿ ಜಗತ್ತನ್ನೇ ಬೆರಗುಗೊಳಿಸಿದನು. 1970ರ ಸೆಪ್ಟೆಂಬರ್ 18ರಂದು, 27ನೆಯ ವಯಸ್ಸಿನಲ್ಲಿಯೇ, ಲಂಡನ್ನಿನಲ್ಲಿ ತೀರಿಕೊಂಡನು.

ನನ್ನದೋ ಟ್ರಾನ್ಸಿಸ್ಟರಿನ ಪುಟ್ಟ ಆಂಪ್ಲಿಫಾಯರು. ಮೊನ್ನೆ ಜೋಯಿಡಾದ ಗೆಳೆಯನ ಹಳೆಯ ವಾಲ್ವ್ ಆಂಪ್ಲಿಫಾಯರಿಗೆ ಅದೇ ಪೆಡಲನ್ನು ಜೋಡಿಸಿದೆ. ಸ್ವರ ತುಂಬಿ ಬಂದಿತು. ಪೆಡಲಿನಲ್ಲಿ ದೋಷವಿರಲಿಲ್ಲ, ಜೋಡಿಯನ್ನರಿಯದ ನನ್ನಲ್ಲಿತ್ತು. ವಾಚಕರೇ, ಪೆಡಲನ್ನು ನಾನು ಮಾರಲಿಲ್ಲ. ಬರುವ ಸಮ್ಮೇಳನದಲ್ಲಿ ಮತ್ತೊಮ್ಮೆ ನಿಮ್ಮೆದುರು ನಿಲ್ಲುವೆನು.