ಲಾರ್ಡ್ ರೇಲೀ

ಲಾರ್ಡ್ ರೇಲೀ (ಜಾನ್ ವಿಲಿಯಂ ಸ್ಟ್ರಟ್, 12 ನವೆಂಬರ್ 1842 – 30 ಜೂನ್ 1919) ಇಂಗ್ಲೆಂಡಿನ ಭೌತವಿಜ್ಞಾನಿ. ಎಸೆಕ್ಸ್ ಪ್ರಾಂತದ ಜಮೀನ್ದಾರಿ ಮನೆತನದಲ್ಲಿ ಜನಿಸಿದ ಇವರು ಬಾಲ್ಯದಿಂದ ಅನಾರೋಗ್ಯಪೀಡಿತರಾಗಿದ್ದರೂ 1865ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಗಣಿತ ಪರೀಕ್ಷೆಯಲ್ಲಿ ಪ್ರಥಮ ಸ್ಥಾನ ಪಡೆದರು. ಮ್ಯಾಕ್ಸ್‌ವೆಲ್ ಅವರ ನಿಧನಾನಂತರ 1879ರಿಂದ 1884ರವರೆಗೆ ಕ್ಯಾವೆಂಡಿಶ್ ಪ್ರಾಧ್ಯಾಪಕರಾಗಿದ್ದು, ಬಳಿಕ ಟರ್ಲಿಂಗ್‌ನ ಸ್ವಗೃಹದ ಪ್ರಯೋಗಾಲಯಕ್ಕೆ ಮರಳಿದರು. ಆರ್ಗಾನ್ ಶೋಧಕ್ಕೆ ಸಂಬಂಧಿಸಿ 1904ರ ಭೌತವಿಜ್ಞಾನದ ನೊಬೆಲ್ ಪ್ರಶಸ್ತಿ ಅವರಿಗೆ ಸಂದಿತು.

ಪಠ್ಯಪುಸ್ತಕಗಳು ಆರ್ಗಾನ್‌ಗಾಗಿಯೂ ಆಕಾಶದ ನೀಲಿಯ ವಿವರಣೆಗಾಗಿಯೂ ಅವರನ್ನು ಸ್ಮರಿಸುತ್ತವೆ. ಹನಿಗಳನ್ನು ಕುರಿತ ಅವರ ಕೆಲಸ ವಿದ್ಯಾರ್ಥಿಗಳಿಗೆ ಅಷ್ಟಾಗಿ ಪರಿಚಿತವಲ್ಲ. ಇದು ವಿಷಾದದ ಸಂಗತಿ. ಕಾರಂಜಿಯ ಹನಿಗಳು ಪರಸ್ಪರ ತಾಗಿ ಪುಟಿದು ಚದುರುತ್ತವೆ. ಅಲ್ಪ ವಿದ್ಯುತ್ತಿನ ಪ್ರಭಾವವಿದ್ದರೆ ಅವೇ ಹನಿಗಳು ಬೆರೆತು ಒಂದಾಗುತ್ತವೆ. ಇದನ್ನು ಅವರು 1879ರಲ್ಲಿ ಪ್ರಕಟಿಸಿದರು. 1882ರ ಮೂರು ಪುಟಗಳ ಲೇಖನವೊಂದರಲ್ಲಿ ಇದಕ್ಕೆ ವಿರುದ್ಧವಾದ ಸ್ಥಿತಿಯನ್ನು ಲೆಕ್ಕ ಹಾಕಿದರು. ಹನಿಯ ವಿದ್ಯುದಾವೇಶವು ಒಂದು ಮಿತಿಯನ್ನು ಮೀರಿದಾಗ ವಿಕರ್ಷಣೆಯು ಮೇಲ್ಮೈ ಕರ್ಷಣವನ್ನು ಸೋಲಿಸಿ, ದ್ರವವು ಸೂಕ್ಷ್ಮ ಎಳೆಗಳಾಗಿ ಚಿಮ್ಮುತ್ತದೆ. ಈ ಎಲ್ಲೆಯೇ ರೇಲೀ ಮಿತಿ.

ಸುಮಾರು ಒಂದು ಶತಮಾನದ ನಂತರ ಅಮೆರಿಕದ ಜಾನ್ ಫೆನ್ ಪ್ರೋಟೀನುಗಳ ಅಳತೆಗೆ ಎಲೆಕ್ಟ್ರೊಸ್ಪ್ರೇ ವಿಧಾನವನ್ನು ಬಳಸಿದಾಗ ಈ ಮಿತಿ ಮುನ್ನೆಲೆಗೆ ಬಂದಿತು. ಇದರಲ್ಲಿ ನೀರು ಮತ್ತು ಮೆಥನಾಲ್ ಬೆರೆತ ದ್ರಾವಣವನ್ನು ಅಧಿಕ ವೋಲ್ಟೇಜಿನ ಸೂಜಿಯಿಂದ ಸಿಂಪಡಿಸುವುದುಂಟು. ಮೆಥನಾಲ್ ಬೇಗ ಆವಿಯಾಗುವುದರಿಂದ ಹನಿಯೊಳಗಿನ ಮಿಶ್ರಣದ ಪ್ರಮಾಣ ಹಾರಾಟದಲ್ಲೇ ಬದಲಾಗುತ್ತದೆ. ಕುಗ್ಗಿದ ಹನಿ ರೇಲೀ ಮಿತಿಯನ್ನು ತಲುಪಿ ಒಡೆಯುತ್ತದೆ; ಮರಿಹನಿಗಳೂ ಹಾಗೆಯೇ ಒಡೆದು, ಕೊನೆಗೆ ಉಳಿದ ಅಯಾನುಗಳು ದ್ರವ್ಯರಾಶಿ ರೋಹಿತಮಾಪಕವನ್ನು ಸೇರುತ್ತವೆ. ಫೆನ್ ಅವರಿಗೆ 2002ರಲ್ಲಿ ರಸಾಯನವಿಜ್ಞಾನದ ನೊಬೆಲ್ ಪ್ರಶಸ್ತಿ ದೊರೆಯಿತು.